ಮಾರ್ಚಿನ ದುಡ್ಡು, ಕಕ್ಕಡದ ಸಾಲ

ನಮ್ಮ ಮನೆಯ ಅಟ್ಟದ ತೊಲೆಯ ಮೇಲೆ ಅಪ್ಪ ಪೆನ್ಸಿಲ್‌ನಲ್ಲಿ ಬರೆದ ಅಂಕಿಗಳು ಈಗಲೂ ಕಾಣುತ್ತವೆ. 610. 650. 690. ಅವು ಕಾಳುಮೆಣಸಿನ ಕೆ.ಜಿ. ದರ. 2015ರ ಸುಮಾರಿಗೆ ಮೆಣಸಿನ ಬೆಲೆ ಏರುತ್ತಾ ಏರುತ್ತಾ ಏಳುನೂರರ ಹತ್ತಿರ ಬಂದಿತ್ತು. ತೊಲೆಯ ಕೆಳಗೆ ಒಂಬತ್ತು ಚೀಲ ಮೆಣಸು ಸಾಲಾಗಿ ಕೂತಿತ್ತು. ಅಪ್ಪ ಪ್ರತಿ ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗ ದರ ಕೇಳಿಕೊಂಡು ಬರುತ್ತಿದ್ದರು. ಅಂಗಿ ಬದಲಿಸುವ ಮುಂಚೆಯೇ ಅಟ್ಟ ಹತ್ತಿ ಬರೆದು ಇಳಿಯುತ್ತಿದ್ದರು. "ಸಾವಿರ ಆಗಲಿ, ಕೊಡುವ" ಎನ್ನುತ್ತಿದ್ದರು.

ಸಾವಿರ ಆಗಲಿಲ್ಲ. ಬೆಲೆ ಇಳಿಯಲು ಶುರುವಾದ ಮೇಲೆ ಅಪ್ಪ ಬರೆಯುವುದನ್ನೇ ನಿಲ್ಲಿಸಿದರು. ಆ ಮೆಣಸು ಕೊನೆಗೆ ಹೋದದ್ದು ಮುನ್ನೂರ ನಲವತ್ತಕ್ಕೆ. ಅದೂ ತಂಗಿಯ ಕಾಲೇಜು ಫೀಸು ಕಟ್ಟುವ ಕೊನೆ ದಿನ ಹತ್ತಿರ ಬಂದಾಗ.

ಅಪ್ಪನಿಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣನ್ನು, ಅಂದರೆ ಚೆರ್ರಿಯನ್ನು, ಅಂಗೈಯಲ್ಲಿ ಉಜ್ಜಿ ನೋಡಿ, ಐವತ್ತು ಕೆ.ಜಿ. ಚೀಲದಲ್ಲಿ ಎಷ್ಟು ಕೆ.ಜಿ. ಬೀಜ ಸಿಗುತ್ತದೆ, ಅಂದರೆ ಔಟ್‌ಟರ್ನ್ ಎಷ್ಟು ಅಂತ ಹೇಳುತ್ತಾರೆ. ಕಾಫಿ ಕೊಳ್ಳುವ ಡಿಪೋದವರ ಲೆಕ್ಕಕ್ಕೂ ಅದಕ್ಕೂ ಅರ್ಧ ಕೆ.ಜಿ. ವ್ಯತ್ಯಾಸ ಬಂದರೆ ಹೆಚ್ಚು. ಆದರೂ ಮೆಣಸಿನ ವಿಷಯದಲ್ಲಿ ಅವರ ಕೈ ಕಟ್ಟಿಹೋಗಿತ್ತು. ಕಟ್ಟಿದ್ದು ಎರಡು ನಂಬಿಕೆ. ಒಂದು, ಅಟ್ಟದ ಮೆಣಸು ಮನೆಯ ಬಲ, ಅದನ್ನು ಅವಸರಕ್ಕೆ ತೆಗೆಯಬಾರದು. ಎರಡು, ಒಮ್ಮೆ ಕಣ್ಣಿಗೆ ಕಂಡ ದರ ಮತ್ತೆ ಬಂದೇ ಬರುತ್ತದೆ.

ಎರಡನೆಯದು ಪೂರ್ತಿ ಸುಳ್ಳೂ ಆಗಲಿಲ್ಲ. 2025ರಲ್ಲಿ ಮೆಣಸು ಮತ್ತೆ ಏಳುನೂರರ ಹತ್ತಿರ ಬಂತು. ಆದರೆ ಅದಕ್ಕೆ ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ತಂಗಿ ಓದು ಮುಗಿಸಿ ಕೆಲಸಕ್ಕೆ ಸೇರಿಯೂ ಆಯಿತು. ಅಂದಿನ ಏಳುನೂರಕ್ಕೆ ಬರುತ್ತಿದ್ದ ಆಳು, ಗೊಬ್ಬರ, ಅಕ್ಕಿ ಇಂದಿನ ಏಳುನೂರಕ್ಕೆ ಬರುವುದಿಲ್ಲ.

ಕೊಡಗಿನಲ್ಲಿ ದುಡ್ಡಿನ ಮಾತು ಬಂದರೆ ನಾವು ದರದ ಮಾತನ್ನೇ ಆಡುತ್ತೇವೆ. ಇವತ್ತು ಚೆರ್ರಿ ಎಷ್ಟು, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಎಷ್ಟು, ಬ್ರೆಜಿಲ್‌ನಲ್ಲಿ ಮಳೆ ಬಂತಾ. ದರ ಚೆನ್ನಾಗಿದ್ದರೆ ಮನೆ ಚೆನ್ನಾಗಿರುತ್ತದೆ, ಇಲ್ಲದಿದ್ದರೆ ಇಲ್ಲ ಅಂತ ಅಂದುಕೊಂಡಿದ್ದೇವೆ. ನಾನು ಸುತ್ತಮುತ್ತ ನೋಡುತ್ತಿರುವುದು ಬೇರೆ. ಒಂದೇ ದರ, ಒಂದೇ ಐದು ಏಕರೆ, ಒಂದೇ ಮಳೆ. ಒಬ್ಬರ ಮನೆಯಲ್ಲಿ ಆಗಸ್ಟ್‌ಗೆ ಬಳೆ ಬ್ಯಾಂಕಿಗೆ ಹೋಗಿರುತ್ತದೆ, ಪಕ್ಕದ ಮನೆಯಲ್ಲಿ ಹೋಗಿರುವುದಿಲ್ಲ. ನಡುವಿನ ವ್ಯತ್ಯಾಸ ಎಷ್ಟೋ ಸಲ ಆ ಮನೆಯವರು ದುಡ್ಡಿನ ಬಗ್ಗೆ ಏನು ನಂಬಿದ್ದಾರೆ ಅನ್ನುವುದರಲ್ಲಿ ಇರುತ್ತದೆ.

ಈಗ ಈ ಮಾತು ಆಡಲೇಬೇಕಾದ ಹೊತ್ತು. ನಾವು ಬೆಳೆಯುವ ಕಾಫಿಯಲ್ಲಿ ರೊಬಸ್ಟಾ, ಅರೇಬಿಕಾ ಅಂತ ಎರಡು ಬಗೆ. 2019-20ರ ಆಸುಪಾಸಿನಲ್ಲಿ ರೊಬಸ್ಟಾ ಚೆರ್ರಿ ಐವತ್ತು ಕೆ.ಜಿ. ಚೀಲಕ್ಕೆ ಸುಮಾರು ಮೂರೂವರೆ ಸಾವಿರ ರೂಪಾಯಿ ಇತ್ತು. 2025ರ ಶುರುವಿನಲ್ಲಿ ಅದು ಹತ್ತು ಸಾವಿರ ದಾಟಿತು. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಬರ ಬಿದ್ದು ಬೆಳೆ ಕುಸಿದಿತ್ತು. ಆ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿ ದಾಖಲೆ ಬರೆಯಿತು. ನಮ್ಮ ಕಣದಲ್ಲಿ ಒಣಗುತ್ತಿದ್ದ ಕಾಫಿಗೆ ರಾತ್ರಿ ಕಾವಲು ಕೂರುವ ಹಾಗಾಯಿತು. ಅದೇ ವರ್ಷದ ಮಧ್ಯದ ಹೊತ್ತಿಗೆ ಲಂಡನ್‌ನಲ್ಲಿ ರೊಬಸ್ಟಾ ಮತ್ತೆ ಸಾಕಷ್ಟು ಕೆಳಗೆ ಬಂದಿತ್ತು. ಆರು ತಿಂಗಳಲ್ಲಿ ಇಷ್ಟು ಹತ್ತಿ ಇಳಿಯುವ ವಸ್ತುವನ್ನು ನಂಬಿ ನಾವು ಮಕ್ಕಳ ಓದು, ಮನೆ, ಮದುವೆ, ಮುಪ್ಪು ಎಲ್ಲವನ್ನೂ ಕಟ್ಟುತ್ತಿದ್ದೇವೆ.

ದರ ಕಮ್ಮಿ ಇದ್ದಾಗ ನಂಬಿಕೆಗಳಿಗೆ ಆಡಲು ಜಾಗವೇ ಇರುವುದಿಲ್ಲ. ಬಂದದ್ದು ಸಾಲಕ್ಕೆ, ಆಳಿಗೆ, ಅಂಗಡಿ ಬಾಕಿಗೆ ಹೋಗುತ್ತದೆ. ಕೈಯಲ್ಲಿ ನಾಲ್ಕು ಕಾಸು ಉಳಿದಾಗಲೇ ಒಳಗಿನ ನಂಬಿಕೆ ಹೊರಗೆ ಬರುವುದು.

ನಮ್ಮ ವರ್ಷವನ್ನೇ ನೋಡಿ. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರು, ರೊಬಸ್ಟಾ ಮಾರ್ಚ್‌ವರೆಗೆ. ದುಡ್ಡು ಬರುವುದು ಈ ನಾಲ್ಕೈದು ತಿಂಗಳಲ್ಲಿ. ಅದೇ ಮಾರ್ಚ್ ಮೂವತ್ತೊಂದಕ್ಕೆ ಸೊಸೈಟಿ ಸಾಲ ಕಟ್ಟಬೇಕು. ಏಪ್ರಿಲ್, ಮೇ ಮದುವೆಗಳ ಕಾಲ. ಜೂನ್‌ಗೆ ಸ್ಕೂಲ್ ಫೀಸು, ತೋಟಕ್ಕೆ ಗೊಬ್ಬರ. ಆಮೇಲೆ ಮಳೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ. ಅದೇ ತಿಂಗಳಲ್ಲಿ ಚಿನ್ನ ಅಡವಿಡುವ ಬ್ಯಾಂಕಿನಲ್ಲಿ ಒದ್ದೆ ಕೊಡೆಗಳ ಸಾಲು ಇರುತ್ತದೆ. ಸೆಪ್ಟೆಂಬರ್‌ನಲ್ಲಿ ಆಯುಧ ಪೂಜಿಸುವ ಕೈಲ್‌ಪೊಳ್ದ್, ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ, ಆಮೇಲೆ ಹೊಸ ಕದಿರಿನ ಹಬ್ಬ ಹುತ್ತರಿ. ಮತ್ತೆ ಕಾಫಿ ಕೈಗೆ ಬರುವವರೆಗೆ ಕೈಸಾಲ.

ತಮಾಷೆಗೆ ಹೇಳುತ್ತಿಲ್ಲ, ನನ್ನನ್ನು ತುಂಬಾ ಕಾಡಿದ ಒಂದು ವಿಷಯ ಇದೆ. ಕೊಡಗಿನ ಯಾವ ಮನೆಯೂ ಸೌದೆ ಇಲ್ಲದೆ ಜೂನ್‌ಗೆ ಕಾಲಿಡುವುದಿಲ್ಲ. ಏಪ್ರಿಲ್‌ನಲ್ಲೇ ಸೌದೆ ಸೀಳಿ, ಒಣಗಿಸಿ, ಕೊಟ್ಟಿಗೆಯಲ್ಲಿ ಸೂರಿನವರೆಗೆ ಪೇರಿಸುತ್ತೇವೆ. ಒಣಮೀನು, ಉಪ್ಪಿನಕಾಯಿ, ಹಪ್ಪಳ, ಹಲಸಿನ ಬೀಜ ಎಲ್ಲ ಡಬ್ಬಕ್ಕೆ ಸೇರಿರುತ್ತದೆ. ಅಜ್ಜನ ಕಾಲದಲ್ಲಿ ಪತ್ತಾಯ ತುಂಬ ಭತ್ತ ಇರುತ್ತಿತ್ತು. ಮಳೆ ಬರುತ್ತದೆ, ನಾಲ್ಕು ತಿಂಗಳು ಹೊರಗೆ ಹೋಗಲು ಆಗುವುದಿಲ್ಲ, ಅದಕ್ಕೆ ಮುಂಚೆ ಕೂಡಿಡಬೇಕು ಅನ್ನುವುದು ನಮ್ಮ ಮೈಯಲ್ಲೇ ಇದೆ. ಸೌದೆಗೆ ಇರುವ ಆ ಬುದ್ಧಿ ದುಡ್ಡಿಗೆ ಯಾಕೆ ಬರಲಿಲ್ಲ?

ನನಗೆ ಸಿಕ್ಕ ಉತ್ತರ ಕಾಫಿ ಬೋರ್ಡಿನ ಇತಿಹಾಸದಲ್ಲಿದೆ. 1942ರ ಕಾಫಿ ಕಾಯ್ದೆಯ ನಂತರ ಐದು ದಶಕ ಬೆಳೆಗಾರರು ತಮ್ಮ ಕಾಫಿಯನ್ನು ಬೋರ್ಡಿನ 'ಪೂಲ್'ಗೆ, ಅಂದರೆ ಎಲ್ಲರದ್ದೂ ಒಟ್ಟುಗೂಡುವ ಸಂಗ್ರಹಕ್ಕೆ, ಕೊಡಬೇಕಿತ್ತು. ಬೋರ್ಡ್ ಮಾರಿ, ದುಡ್ಡನ್ನು ಕಂತು ಕಂತಾಗಿ ಕೊಡುತ್ತಿತ್ತು. ಕೊಟ್ಟ ಕೂಡಲೇ ಸ್ವಲ್ಪ, ಆಮೇಲೆ ಮಾರಾಟ ಆದ ಹಾಗೆ ಸ್ವಲ್ಪ. ತಡವಾಗುತ್ತದೆ, ಕಮ್ಮಿ ಸಿಗುತ್ತದೆ ಅಂತ ಬೆಳೆಗಾರರು ಬೈಯುತ್ತಿದ್ದರು. ಬೈದದ್ದು ಸರಿಯೇ. ಆದರೆ ಆ ಪದ್ಧತಿ ಯಾರೂ ಗಮನಿಸದ ಒಂದು ಕೆಲಸ ಮಾಡುತ್ತಿತ್ತು: ದುಡ್ಡನ್ನು ವರ್ಷದ ಮೇಲೆ ಹರಡುತ್ತಿತ್ತು. ಮಾರ್ಚ್‌ನಲ್ಲಿ ಎಲ್ಲ ಖರ್ಚಾದರೂ ಇನ್ನೊಂದು ಕಂತು ದಾರಿಯಲ್ಲಿದೆ ಅನ್ನುವ ಧೈರ್ಯ ಇರುತ್ತಿತ್ತು. "ಕಾಫಿ ಕೈ ಬಿಡುವುದಿಲ್ಲ" ಅನ್ನುವ ಮಾತು ನಮ್ಮಲ್ಲಿ ಗಟ್ಟಿಯಾದದ್ದು ಹಾಗೆ ಅಂತ ನನ್ನ ಅನಿಸಿಕೆ.

1992-93ರಿಂದ ಪೂಲ್ ಹಂತ ಹಂತವಾಗಿ ಸಡಿಲವಾಯಿತು. 1996ರಲ್ಲಿ ಪೂರ್ತಿ ಹೋಯಿತು. ಇದರ ನಡುವೆಯೇ, 1994ರಲ್ಲಿ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಪ್ರಪಂಚದಾದ್ಯಂತ ಕಾಫಿ ಬೆಲೆ ಹಾರಿತು. ಅಂದರೆ ಕೊಡಗಿನ ಒಂದು ತಲೆಮಾರು ಮುಕ್ತ ಮಾರುಕಟ್ಟೆಯನ್ನೂ ದೊಡ್ಡ ಬೆಲೆಯನ್ನೂ ಒಟ್ಟೊಟ್ಟಿಗೆ ಕಂಡಿತು. ಎರಡೂ ಒಂದೇ ಅಂತ ಮನಸ್ಸಿಗೆ ಕೂತುಬಿಟ್ಟಿತು. ಜೀಪು ಬಂತು, ಮನೆಗೆ ಮಹಡಿ ಬಂತು, ಪಕ್ಕದ ಗದ್ದೆ ತೋಟ ಆಯಿತು. ದುಡ್ಡನ್ನು ಹಂಚಿ ಕೊಡುತ್ತಿದ್ದ ಕೈ ಇಲ್ಲವಾಗಿತ್ತು, ಹಂಚಿಕೊಳ್ಳುವ ಅಭ್ಯಾಸ ಇನ್ನೂ ಹುಟ್ಟಿರಲಿಲ್ಲ. 2001, 2002ರಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಬಿದ್ದಾಗ, ಎಷ್ಟೋ ಮನೆಗಳು ಮತ್ತೆ ಏಳಲು ಹತ್ತು ವರ್ಷ ತೆಗೆದುಕೊಂಡವು.

ಈಗ ತೋಟ ನಡೆಸುತ್ತಿರುವವರನ್ನು ನೋಡಿ. 1994ರಲ್ಲಿ ಹರೆಯದಲ್ಲಿದ್ದವರು ಒಂದು ರೀತಿ, 2001ರಲ್ಲಿ ಅಪ್ಪನಿಂದ ಸಾಲದ ಪುಸ್ತಕ ಕೈಗೆ ತೆಗೆದುಕೊಂಡವರು ಇನ್ನೊಂದು ರೀತಿ. ಮೊದಲನೆಯವರು ದರ ಏರಿದ ಕೂಡಲೇ ಜಾಗ ನೋಡಲು ಹೊರಡುತ್ತಾರೆ. ಎರಡನೆಯವರು ಹತ್ತು ಸಾವಿರ ಬಂದಾಗಲೂ ಹೆದರುತ್ತಾರೆ. ನನ್ನ ಚಿಕ್ಕಪ್ಪ ಎರಡನೇ ಗುಂಪು. ಅವರ ತೋಟದಲ್ಲಿ ಗಿಡಗಳಿಗೆ ವಯಸ್ಸಾಗಿದೆ. ತೆಗೆದು ಹೊಸದು ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಒಳ್ಳೆ ದರ ಇರುವಾಗ ಎರಡು ಏಕರೆಯಲ್ಲಾದರೂ ಮಾಡಬಹುದಿತ್ತು. "ಬೇಡ, ಮತ್ತೆ ಬೀಳುತ್ತದೆ" ಅಂತ ಬಂದದ್ದನ್ನೆಲ್ಲ ಫಿಕ್ಸೆಡ್ ಡೆಪಾಸಿಟ್‌ಗೆ ಹಾಕಿದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. 2002ರಲ್ಲಿ ಅವರು ಆಳುಗಳ ಬಟವಾಡೆಗೆ ಹೆಂಡತಿಯ ಸರ ಮಾರಿದವರು.

ಇದು ಕೊಡಗಿನ ವಿಚಿತ್ರವಲ್ಲ. ಅಮೆರಿಕದಲ್ಲಿ ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಸ್ಟೀಫನ್ ನೇಗಲ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಇದನ್ನೇ ತೋರಿಸಿದರು. ಬದುಕಿನಲ್ಲಿ ಷೇರು ಮಾರುಕಟ್ಟೆಯ ಕೆಟ್ಟ ವರ್ಷಗಳನ್ನು ಜಾಸ್ತಿ ಕಂಡವರು ಮುಂದೆಯೂ ಷೇರಿಗೆ ದುಡ್ಡು ಹಾಕಲು ಹಿಂಜರಿಯುತ್ತಾರೆ. ಓದಿ ತಿಳಿದದ್ದಕ್ಕಿಂತ ಅನುಭವಿಸಿದ್ದಕ್ಕೆ ತೂಕ ಹೆಚ್ಚು. ಹೀಗಾಗಿ ಯಾರಾದರೂ ದುಡ್ಡಿನ ಬಗ್ಗೆ ಖಡಾಖಂಡಿತವಾಗಿ ಮಾತಾಡಿದರೆ, ಅವರು ಯಾವ ವರ್ಷದಿಂದ ಮಾತಾಡುತ್ತಿದ್ದಾರೆ ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ.

ಅದೇ 2011ರಲ್ಲಿ ಬ್ರ್ಯಾಡ್ ಕ್ಲಾಂಟ್ಜ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ದುಡ್ಡಿನ ನಂಬಿಕೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ದುಡ್ಡು ಕೆಟ್ಟದ್ದು ಅಂತ ದೂರ ಇಡುವವರು. ದುಡ್ಡು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರು. ದುಡ್ಡಿನಿಂದಲೇ ಮನುಷ್ಯನ ಬೆಲೆ ಅನ್ನುವವರು. ಎಚ್ಚರದಿಂದ ಕೂಡಿಟ್ಟು, ಯಾರಿಗೂ ಹೇಳದವರು. ಇಂಥ ನಂಬಿಕೆಗಳು ಚಿಕ್ಕಂದಿನಲ್ಲಿ ಮನೆಯಲ್ಲೇ ಬೇರು ಬಿಡುತ್ತವೆ, ನಮಗೆ ಗೊತ್ತಿಲ್ಲದೆಯೇ ಕೈ ನಡೆಸುತ್ತವೆ ಅನ್ನುವುದು ಅವರ ಮಾತು. ಮೊದಲ ಮೂರು ಬಗೆಯವರ ಹಣದ ಸ್ಥಿತಿ ಸಾಮಾನ್ಯವಾಗಿ ಅಷ್ಟು ಚೆನ್ನಾಗಿರಲಿಲ್ಲ, ಎಚ್ಚರದವರದು ಪರವಾಗಿಲ್ಲ. ಈ ನಾಲ್ಕು ಡಬ್ಬಿಗಳನ್ನು ನಾನು ತುಂಬಾ ನೆಚ್ಚಿಕೊಳ್ಳುವುದಿಲ್ಲ. ಒಬ್ಬರಲ್ಲೇ ನಾಲ್ಕೂ ಇರಬಹುದು. ನಮ್ಮ ಗಾದೆಗಳೇ ಹಾಗಿವೆ, ಅಲ್ವಾ? ದುಡ್ಡಿದ್ದವನೇ ದೊಡ್ಡಪ್ಪ ಅಂತ ಹೇಳಿದ ಬಾಯಿಯೇ ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಲೂ ಹೇಳುತ್ತದೆ. ಎರಡನ್ನೂ ನಾವು ಮಕ್ಕಳಾಗಿದ್ದಾಗ ಒಂದೇ ಜಗಲಿಯಲ್ಲಿ ಕೂತು ಕೇಳಿದ್ದೇವೆ.

ನನ್ನ ಅಜ್ಜಿಯದ್ದು ಬೇರೆಯೇ ಲೆಕ್ಕ. ಮೆಣಸು ಕೊಯ್ಲು ಮುಗಿದ ಮೇಲೆ ಮರದ ಬುಡದಲ್ಲಿ ಉದುರಿದ ಕಾಳುಗಳನ್ನು ಅವರು ಹೆಕ್ಕುತ್ತಿದ್ದರು. ಬೆನ್ನು ಬಗ್ಗಿಸಿ, ಎಲೆ ಸರಿಸಿ, ಒಂದೊಂದೇ ಕಾಳು. ಅದನ್ನು ಒಣಗಿಸಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ, ಪೇಟೆಗೆ ಹೋಗುವವರ ಕೈಗೆ ಕೊಡುತ್ತಿದ್ದರು. ಆ ದುಡ್ಡು ಸೆರಗಿನ ಗಂಟಿಗೆ ಹೋಗುತ್ತಿತ್ತು. ಮನೆಯಲ್ಲಿ ಸಾಲದವರು ಬಂದು ಕೂತಿದ್ದರೂ ಆ ಗಂಟು ಬಿಚ್ಚುತ್ತಿರಲಿಲ್ಲ. ಅದು ಚಿನ್ನಕ್ಕೆ ಮಾತ್ರ. ವರ್ಷಕ್ಕೆ ಅರ್ಧ ಗ್ರಾಮೋ ಒಂದು ಗ್ರಾಮೋ. ಅಪ್ಪನ ಕಾಫಿ ದುಡ್ಡಿಗೂ ಅಜ್ಜಿಯ ಮೆಣಸಿನ ದುಡ್ಡಿಗೂ ನೋಟು ಒಂದೇ, ಆದರೆ ದಾರಿ ಬೇರೆ ಬೇರೆ.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇದನ್ನು 'ಮನಸ್ಸಿನ ಲೆಕ್ಕಪುಸ್ತಕ' ಅನ್ನುವ ಅರ್ಥದಲ್ಲಿ ವಿವರಿಸಿದ್ದಾರೆ. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಾವು ದುಡ್ಡನ್ನು ಅದು ಬಂದ ದಾರಿಯ ಮೇಲೆ ಬೇರೆ ಬೇರೆ ಗಂಟಾಗಿ ಕಟ್ಟುತ್ತೇವೆ, ಒಂದು ಗಂಟಿನದನ್ನು ಇನ್ನೊಂದಕ್ಕೆ ಸುಲಭವಾಗಿ ಬಿಡುವುದಿಲ್ಲ. ಬಡ್ಡಿ ಲೆಕ್ಕದಲ್ಲಿ ನೋಡಿದರೆ ಅಜ್ಜಿ ಮಾಡಿದ್ದು ತಪ್ಪು ಅನಿಸಬಹುದು. ಸಾಲ ತೀರಿಸುವುದು ಬಿಟ್ಟು ಚಿನ್ನ ಕೊಳ್ಳುವುದು ಯಾವ ಜಾಣತನ? ಆದರೆ ಅದೇ ಗಂಟಿನ ಚಿನ್ನ 2018ರ ಆಗಸ್ಟ್‌ನ ಮಳೆಯಲ್ಲಿ ನಮ್ಮ ತೋಟದ ಒಂದು ಬದಿ ಜಾರಿ ಹೋದಾಗ ಮನೆಯನ್ನು ನಿಲ್ಲಿಸಿತು. 2001ರಲ್ಲಿ ಹತ್ತು ಗ್ರಾಂ ಚಿನ್ನ ನಾಲ್ಕೂವರೆ ಸಾವಿರ ರೂಪಾಯಿಯೊಳಗೆ ಸಿಗುತ್ತಿತ್ತು. 2025ರಲ್ಲಿ ಅದು ಒಂದು ಲಕ್ಷ ದಾಟಿತು. ಅಜ್ಜಿಗೆ ಈ ಏರಿಕೆ ಗೊತ್ತಿರಲು ಸಾಧ್ಯವಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟೇ: ಕಾಫಿ ದುಡ್ಡಿನ ಜೊತೆ ಸೇರಿಸಿದರೆ ಅದು ಉಳಿಯುವುದಿಲ್ಲ.

ಈಗ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಅದೇ ಗುಣ ಕಾಣುತ್ತದೆ. 2023ರ ಆಗಸ್ಟ್‌ನಲ್ಲಿ ಶುರುವಾದ ಯೋಜನೆ. ದೊಡ್ಡ ಮೊತ್ತವಲ್ಲ. ಆದರೆ ಅದು ಹೆಂಗಸರ ಖಾತೆಗೆ, ಅವರ ಹೆಸರಿಗೆ ಬರುತ್ತದೆ. ನಮ್ಮೂರಿನ ಹೆಂಗಸರು ಅದನ್ನು ಕೂಡಿಟ್ಟು ಫ್ರಿಡ್ಜ್ ತಂದದ್ದು, ಮಗಳ ಹಾಸ್ಟೆಲ್ ಫೀಸು ಕಟ್ಟಿದ್ದು, ಸಂಘದ ಕಂತು ತೀರಿಸಿದ್ದು ನಾನು ನೋಡಿದ್ದೇನೆ. ಮನೆಯ ಒಟ್ಟು ದುಡ್ಡಿನಲ್ಲಿ ಬೆರೆತಿದ್ದರೆ ಆ ಎರಡು ಸಾವಿರ ಡೀಸೆಲ್‌ಗೆ ಹೋಗುತ್ತಿತ್ತು.

ಜಾಗದ ಮಾತಿಗೆ ಬರಬೇಕು. ಏಕೆಂದರೆ ಕೊಡಗಿನ ಅತಿ ಗಟ್ಟಿ ನಂಬಿಕೆ ಅಲ್ಲಿದೆ. ಜಾಗ ಮಾರಬಾರದು. ಇದು ಸುಮ್ನೆ ಹುಟ್ಟಿದ ಮಾತಲ್ಲ. ಜಮ್ಮಾ ಭೂಮಿ ಒಕ್ಕದ್ದು, ಅಂದರೆ ಒಂದೇ ಮೂಲದ ಇಡೀ ಕುಟುಂಬದ್ದು. ಒಬ್ಬನದ್ದಲ್ಲ. ರಾಜರ ಕಾಲದಲ್ಲಿ ಸೇವೆಗಾಗಿ ಬಂದದ್ದು, ತಲೆತಲಾಂತರಕ್ಕೆ ಉಳಿಯಬೇಕಾದದ್ದು. 1899ರ ಕೊಡಗು ಭೂಕಂದಾಯ ಕಾನೂನಿನಲ್ಲೂ ಅದಕ್ಕೆ ಬೇರೆಯೇ ಜಾಗ ಇತ್ತು. ಜಮ್ಮಾ ಇಲ್ಲದ ನಮ್ಮಂಥ ಮನೆಗಳಿಗೂ ಆ ಭಾವನೆ ದಾಟಿ ಬಂದಿದೆ. ಮಾರಿದವನ ಹೆಸರನ್ನು ಊರು ಮರೆಯುವುದಿಲ್ಲ. ಈ ನಂಬಿಕೆಯ ಒಳ್ಳೆಯದನ್ನು ನಾನು ಕಂಡಿದ್ದೇನೆ: ಎಷ್ಟು ಕೆಟ್ಟ ವರ್ಷ ಬಂದರೂ ಮನೆ ಚೆದುರಲಿಲ್ಲ, ಮರ ಉಳಿಯಿತು, ನೀರು ಉಳಿಯಿತು.

ಆದರೆ ಇದರ ಇನ್ನೊಂದು ಬದಿಯೂ ಇದೆ. ಪತ್ರದಲ್ಲಿ ಕೋಟಿ, ಪರ್ಸಿನಲ್ಲಿ ನೂರು. ತೋಟ ಇದೆ ಅನ್ನುವ ಧೈರ್ಯದಲ್ಲೇ ಬೇರೆ ಯಾವುದನ್ನೂ ಕೂಡಿಡುವುದಿಲ್ಲ. ಮುಪ್ಪಿಗೆ ಏನು ಮಾಡಿಕೊಂಡಿದ್ದೀರಿ ಅಂತ ಕೇಳಿದರೆ "ತೋಟ ಇದೆಯಲ್ಲ" ಅನ್ನುತ್ತಾರೆ. ತೋಟ ಇದೆ, ನಿಜ. ಎಪ್ಪತ್ತು ವರ್ಷಕ್ಕೆ ಅದರಲ್ಲಿ ಓಡಾಡುವವರು ಯಾರು? ಮಗ ಬೆಂಗಳೂರಿನಲ್ಲಿ. ಮಾರಲು ಮನಸ್ಸು ಒಪ್ಪುವುದಿಲ್ಲ, ನಡೆಸಲು ಮೈ ಒಪ್ಪುವುದಿಲ್ಲ. ಜಮ್ಮಾ ಆದರೆ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರು, ಒಕ್ಕದವರ ಹೆಸರು ಸೇರಿ ಬ್ಯಾಂಕ್ ಸಾಲವೂ ಕಷ್ಟವಾಗುತ್ತಾ ಬಂದಿದೆ. ನಂಬಿಕೆ ಗುರಿಯನ್ನು ಹೇಗೆ ನುಂಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ತೋಟ ಅನ್ನುವ ಒಂದೇ ಪದ ಓದು, ಆಸ್ಪತ್ರೆ, ಮುಪ್ಪು ಎಲ್ಲದಕ್ಕೂ ಉತ್ತರವಾಗಿಬಿಟ್ಟರೆ, ಇದಕ್ಕೆ ಎಷ್ಟು, ಯಾವಾಗ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಸೊಸೈಟಿ ಸಾಲದಲ್ಲೂ ಹೀಗೆಯೇ. ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಒಳ್ಳೆಯ ಸೌಲಭ್ಯ. ಆದರೆ ಎಷ್ಟೋ ಜನ ಅದನ್ನು ಸಾಲ ಅಂತ ಎಣಿಸುವುದನ್ನೇ ಬಿಟ್ಟಿದ್ದಾರೆ. ಮಾರ್ಚ್‌ನಲ್ಲಿ ಯಾರ ಹತ್ತಿರವೋ ನಾಲ್ಕು ದಿನಕ್ಕೆ ಕೈಸಾಲ ತಂದು ಕಟ್ಟುತ್ತಾರೆ, ವಾರದೊಳಗೆ ಮತ್ತೆ ತೆಗೆಯುತ್ತಾರೆ, ಕೈಸಾಲ ತೀರಿಸುತ್ತಾರೆ. ಬಡ್ಡಿ ಇಲ್ಲದ ಸಾಲ ನಮ್ಮದೇ ದುಡ್ಡು ಅನ್ನುವ ಭಾವನೆ ಬಂದಿದೆ. ಆ ನಾಲ್ಕು ದಿನದ ಕೈಸಾಲಕ್ಕೆ ಕೊಡುವ ಬಡ್ಡಿಯನ್ನು ಯಾರೂ ಬರೆದಿಡುವುದಿಲ್ಲ.

ಮದುವೆಯ ಖರ್ಚಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾನು ಕಮ್ಮಿ ಹೇಳುತ್ತೇನೆ. ಮುಂಚೆ ಊರವರೇ ಬಂದು ಚಪ್ಪರ ಹಾಕುತ್ತಿದ್ದರು, ತರಕಾರಿ ಹೆಚ್ಚುತ್ತಿದ್ದರು, ಬಡಿಸುತ್ತಿದ್ದರು. ನಾವು ಅವರ ಮನೆಗೆ ಹೋಗಿ ಅದನ್ನೇ ಮಾಡುತ್ತಿದ್ದೆವು. ಮುಯ್ಯಿಗೆ ಮುಯ್ಯಿ. ಅದು ಒಂದು ರೀತಿಯ ಉಳಿತಾಯ. ಇಪ್ಪತ್ತು ವರ್ಷ ಬೇರೆಯವರ ಮನೆಯಲ್ಲಿ ದುಡಿದದ್ದು ನಮ್ಮ ಮನೆಯ ಒಂದು ದಿನಕ್ಕೆ ವಾಪಸ್ ಬರುತ್ತಿತ್ತು. ಈಗ ಎಲ್ಲವೂ ಕಲ್ಯಾಣ ಮಂಟಪ, ಕೇಟರಿಂಗ್. ಕೆಲಸದ ಜಾಗಕ್ಕೆ ದುಡ್ಡು ಬಂದಿದೆ. ಊರಿನ ಮುಂದೆ ಕಮ್ಮಿ ಆಗಬಾರದು ಅನ್ನುವ ನಂಬಿಕೆ ಮಾತ್ರ ಹಳೆಯದೇ ಉಳಿದಿದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳಲೇಬೇಕು. ಈಗ ಮೊಬೈಲ್ ತೆರೆದರೆ ಸಾಕು, "ನಿಮ್ಮ ಯೋಚನೆ ಬದಲಿಸಿ, ದುಡ್ಡು ತಾನಾಗಿ ಬರುತ್ತದೆ" ಅನ್ನುವವರು ಸಿಗುತ್ತಾರೆ. ಅದನ್ನು ನಾನು ನಂಬುವುದಿಲ್ಲ. ನಮ್ಮ ಪಕ್ಕದ ಎಸ್ಟೇಟಿನ ಆಳುಗಳ ಲೈನ್‌ಮನೆಯಲ್ಲಿ ಇರುವವರಿಗೆ ಹೋಗಿ ಆ ಮಾತು ಹೇಳಿ ನೋಡಿ. ಶನಿವಾರ ಎಸ್ಟೇಟಿನ ಗುಮಾಸ್ತ, ಅಂದರೆ ರೈಟರ್, ಬಟವಾಡೆ ಮಾಡುತ್ತಾರೆ. ಮರುದಿನ ಗೋಣಿಕೊಪ್ಪದಲ್ಲಿ ಸಂತೆ. ಅಕ್ಕಿ, ಎಣ್ಣೆ, ಒಣಮೀನು, ಮಗುವಿಗೆ ಚಪ್ಪಲಿ, ಹಳೇ ಬಾಕಿ. ಸೋಮವಾರ ಬೆಳಿಗ್ಗೆ ಕೈ ಖಾಲಿ. "ಇವರಿಗೆ ಕೂಡಿಡುವ ಅಭ್ಯಾಸವೇ ಇಲ್ಲ" ಅಂತ ತೋಟದ ಮಾಲೀಕರು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಒಂದೇ ಕೋಣೆಯ ಮನೆ, ಬೀಗ ಗಟ್ಟಿಯಿಲ್ಲ, ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ಕೆಲಸ. ಎಲ್ಲಿ ಇಡಬೇಕು, ಯಾವುದನ್ನು ಇಡಬೇಕು? ಆದರೂ ಅದೇ ಲೈನ್‌ಮನೆಯ ಹೆಂಗಸರು ಸ್ತ್ರೀಶಕ್ತಿ ಸಂಘದಲ್ಲಿ ವಾರ ತಪ್ಪದೆ ಕಟ್ಟುತ್ತಾರೆ. ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ಅಭ್ಯಾಸವೂ ಬಂತು.

2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮುಂಚೆ ಒಮ್ಮೆ, ಕೊಯ್ಲಾದ ಮೇಲೆ ಒಮ್ಮೆ ಪರೀಕ್ಷಿಸಿದರು. ಕಬ್ಬು ನಮ್ಮ ಕಾಫಿಯ ಹಾಗೆ, ದುಡ್ಡು ವರ್ಷಕ್ಕೊಮ್ಮೆ. ಕೊಯ್ಲಿಗೆ ಮುಂಚೆ, ಕೈ ಖಾಲಿ ಇದ್ದಾಗ, ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಅದೇ ಮನುಷ್ಯರು ಕಮ್ಮಿ ಅಂಕ ತೆಗೆದುಕೊಂಡರು. ಕೊರತೆಯ ಚಿಂತೆಯೇ ತಲೆಯ ಜಾಗ ತಿಂದಿತ್ತು ಅನ್ನುವುದು ಅಧ್ಯಯನ ಮಾಡಿದವರ ತೀರ್ಮಾನ. ನಮ್ಮಲ್ಲಿ ಮುಂದಿನ ಬೆಳೆಯನ್ನು ವ್ಯಾಪಾರಿಗೆ ಕಮ್ಮಿ ದರಕ್ಕೆ ಒಪ್ಪಿ ಮುಂಗಡ ತರುವುದು ಯಾವಾಗ? ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ವರ್ಷದ ಅತಿ ಕೆಟ್ಟ ನಿರ್ಧಾರಗಳು ವರ್ಷದ ಅತಿ ಖಾಲಿ ತಿಂಗಳಲ್ಲಿ ಆಗುತ್ತವೆ.

ಅದೇ ಕಾರಣಕ್ಕೆ ನಿವೃತ್ತ ಸೈನಿಕರ ಮನೆಗಳನ್ನು ಗಮನಿಸಿ. ಕೊಡಗಿನಲ್ಲಿ ಅಂಥ ಮನೆ ಬೇಕಾದಷ್ಟಿವೆ. "ಅವರಿಗೆ ತಾಳ್ಮೆ ಜಾಸ್ತಿ, ದರ ಬರುವವರೆಗೆ ಕಾಫಿ ಕೊಡುವುದಿಲ್ಲ" ಅನ್ನುತ್ತೇವೆ. ಮಿಲಿಟರಿ ಶಿಸ್ತು ಅನ್ನುತ್ತೇವೆ. ಇರಬಹುದು. ಆದರೆ ತಿಂಗಳು ತಿಂಗಳು ಪೆನ್ಷನ್ ಬಂದರೆ ಅಕ್ಕಿಗೆ ಕಾಫಿ ಮಾರಬೇಕಾಗಿಲ್ಲ. ಕಾಯಲು ಆಗುವವರು ಕಾಯುತ್ತಾರೆ. ಕಾದು ಕಾದು ಅದು ನಂಬಿಕೆಯಾಗುತ್ತದೆ, ಮಕ್ಕಳಿಗೂ ದಾಟುತ್ತದೆ.

ಹಾಗಾದರೆ ಪೆನ್ಷನ್ ಇಲ್ಲದ ಮನೆ ತಾನೇ ಒಂದು ಪೆನ್ಷನ್ ಮಾಡಿಕೊಳ್ಳಬಹುದಲ್ಲ? ನಾವು ಎರಡು ವರ್ಷದಿಂದ ಇದನ್ನೇ ಪ್ರಯತ್ನಿಸುತ್ತಿದ್ದೇವೆ. ದೊಡ್ಡ ವಿದ್ಯೆಯೇನಲ್ಲ. ಕಾಫಿ ದುಡ್ಡು ಬಂದಾಗ ಮೊದಲು ಸಾಲ, ತೋಟದ ಖರ್ಚು ತೆಗೆದಿಡುತ್ತೇವೆ. ಉಳಿದದ್ದು ಬೇರೆ ಖಾತೆಗೆ. ಅಲ್ಲಿಂದ ತಿಂಗಳಿಗೆ ಇಷ್ಟು ಅಂತ ಮನೆ ಖಾತೆಗೆ ತಾನಾಗಿ ಬರುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟಿದ್ದೇವೆ. ಆ 'ಇಷ್ಟು' ಎಷ್ಟು ಅನ್ನುವುದಕ್ಕೆ ಈ ವರ್ಷದ ದರ ನೋಡಲಿಲ್ಲ. ಹಿಂದಿನ ಏಳು ವರ್ಷದ ಬಿಲ್ಲುಗಳನ್ನು ಹುಡುಕಿ ಸರಾಸರಿ ತೆಗೆದೆವು. ಮೂರೂವರೆ ಸಾವಿರದ ವರ್ಷವೂ ಅದರಲ್ಲಿದೆ, ಹತ್ತು ಸಾವಿರದ ವರ್ಷವೂ ಇದೆ.

ಅಮ್ಮನಿಗೆ ಇದು ಮೊದಲು ಹಿಡಿಸಲಿಲ್ಲ. "ನಮ್ಮ ದುಡ್ಡನ್ನು ನಾವೇ ಕಾಯಬೇಕಾ" ಎಂದರು. ಬಡ್ಡಿ, ಸರಾಸರಿ ಅಂತೆಲ್ಲ ನಾನು ಎಷ್ಟು ವಿವರಿಸಿದರೂ ಒಪ್ಪಲಿಲ್ಲ. ಒಂದು ದಿನ ಸೌದೆ ಕೊಟ್ಟಿಗೆಯ ಮುಂದೆ ನಿಂತು, "ಇದನ್ನೆಲ್ಲ ಮೇ ತಿಂಗಳಲ್ಲೇ ಉರಿಸಿಬಿಡುತ್ತೀರಾ?" ಅಂತ ಕೇಳಿದೆ. ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ, ಆ ಖಾತೆಯ ಪಾಸ್‌ಬುಕ್ಕಿನ ಮೇಲೆ ಬಾಲ್‌ಪೆನ್ನಿನಲ್ಲಿ 'ಮಳೆಗಾಲ' ಅಂತ ಬರೆದಿದ್ದರು. ಹೊಸ ನಂಬಿಕೆ ಹೊರಗಿನಿಂದ ತಂದು ನೆಟ್ಟರೆ ಹಿಡಿಯುವುದು ಕಷ್ಟ. ಹಳೆಯದಕ್ಕೆ ಕಸಿ ಕಟ್ಟಿದರೆ ಹಿಡಿಯುತ್ತದೆ ಅಂತ ಅವತ್ತು ಅನಿಸಿತು.

ಮನೆಯಲ್ಲಿ ದುಡ್ಡಿನ ಮಾತು ಆಡಲು ಶುರುಮಾಡಿದ್ದು ಇನ್ನೂ ದೊಡ್ಡ ಬದಲಾವಣೆ. ನಾನು ಡಿಗ್ರಿ ಮುಗಿಸುವವರೆಗೂ ನಮ್ಮ ಮನೆಗೆ ಎಷ್ಟು ಸಾಲ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಮಕ್ಕಳ ಮುಂದೆ ಆ ಮಾತು ಬಂದರೆ ಅಪ್ಪ ಎದ್ದು ಹೋಗುತ್ತಿದ್ದರು. ಅದು ಮರ್ಯಾದೆಯ ವಿಷಯ ಅಂತ ಅವರ ಭಾವನೆ. ಹಾಗೆ ಮುಚ್ಚಿಟ್ಟದ್ದರಿಂದಲೇ ನಾನು ಬೆಂಗಳೂರಿನಲ್ಲಿ ಓದುವಾಗ ಕೇಳಬಾರದ್ದನ್ನೆಲ್ಲ ಕೇಳಿದ್ದೇನೆ. ಬೈಕು ಕೇಳಿದ ವರ್ಷ ಮನೆಯಲ್ಲಿ ಏನಿತ್ತು ಅಂತ ಈಗ ಹಳೇ ಪುಸ್ತಕ ನೋಡಿದಾಗ ಗೊತ್ತಾಗುತ್ತಿದೆ. ಅಪ್ಪ ಬೈಕು ಕೊಡಿಸಿದ್ದರು.

ಹುತ್ತರಿ ರಾತ್ರಿ ಗದ್ದೆಯಲ್ಲಿ ಹೊಸ ಕದಿರು ಕೊಯ್ಯುವಾಗ 'ಪೊಲಿ ಪೊಲಿ ದೇವಾ' ಅಂತ ಕೂಗುತ್ತಾರೆ. ಹೆಚ್ಚಲಿ, ತುಂಬಲಿ ಅಂತ. ಚಿಕ್ಕಂದಿನಲ್ಲಿ ನಾನು ನೆರೆಮನೆಯ ಕೊಡವ ಗೆಳೆಯರ ಜೊತೆ ಗಂಟಲು ಹರಿಯುವಷ್ಟು ಕೂಗಿದ್ದೇನೆ. ಎಷ್ಟು ಬರಲಿ ಅಂತ ಯಾರೂ ಹೇಳುವುದಿಲ್ಲ. ದೇವರ ಹತ್ತಿರ ಹಾಗೆ ಕೇಳುವುದೇ ಚೆಂದ. ಮನೆಯ ಲೆಕ್ಕಕ್ಕೆ ಕೂತಾಗ ಮಾತ್ರ ಅಂಕಿ ಬೇಕು. "ಮಗಳನ್ನು ಚೆನ್ನಾಗಿ ಓದಿಸಬೇಕು" ಅಂದಾಗ ಎಷ್ಟು, ಯಾವ ಜೂನ್‌ಗೆ ಅಂತ ಬರೆಯಬೇಕು. ಬರೆದ ಮೇಲೆ ಕೆಲವು ಆಸೆ ಸಣ್ಣದಾಗುತ್ತವೆ, ಕೆಲವು ಕೈಗೆ ಸಿಗುವ ಹಾಗೆ ಕಾಣುತ್ತವೆ.

ಈ ಸಲ ಅಟ್ಟದಲ್ಲಿ ಆರು ಚೀಲ ಮೆಣಸಿದೆ. ಮೊನ್ನೆ ಹತ್ತಿ ನೋಡಿದೆ. ತೊಲೆಯ ಮೇಲೆ ಹಳೇ ಅಂಕಿಗಳ ಪಕ್ಕದಲ್ಲಿ ಅಪ್ಪ ಮತ್ತೆ ಪೆನ್ಸಿಲ್ ಆಡಿಸಿದ್ದಾರೆ. ದರ ಬರೆದಿಲ್ಲ. 'ಜೂನ್, ಫೀಸು, 1.' 'ಜುಲೈ, ಗೊಬ್ಬರ, 2.' 'ಕಕ್ಕಡ, 1.' ಉಳಿದ ಎರಡು ಚೀಲಕ್ಕೆ ಏನೂ ಬರೆದಿರಲಿಲ್ಲ. ಇಳಿದು ಬಂದು ಕೇಳಿದೆ.

"ಅದು ಹಾಗೇ ಇರಲಿ" ಎಂದರು. "ಸಾವಿರ ಆದರೆ ಕೊಡುವ."